ನಾಲ್ಕೂ ತಣ್ಣಗಿವೆ

ಬೋರ್ಬನ್ ಕೌಂಟಿ, ಕೆಂಟಕಿ
ಏಪ್ರಿಲ್ 9, 2018

ಶ್ರೀ ಡೆಲ್ಮರ್ ರೋರ್ಕ್ ಅವರಿಗೆ,

ಹನ್ನೊಂದು ವರ್ಷದ ಮೇಲೆ ಈ ಮನೆಯಿಂದ ನಿಮಗೆ ಬರುತ್ತಿರುವ ಮೊದಲ ಕಾಗದ ಇದು. ವರ್ನನ್ ಹೋದ ಸುದ್ದಿ ನಿಮಗೆ ತಲುಪಿರುತ್ತದೆ. ಫೆಬ್ರವರಿ ಇಪ್ಪತ್ತರ ಬೆಳಿಗ್ಗೆ ಲಾಯಕ್ಕೆ ಹೋದವರು ಓಟ್ಸ್ ಪೆಟ್ಟಿಗೆಯ ಮೇಲೆ ಕೂತ ಹಾಗೆಯೇ ಹೋಗಿದ್ದರು. ಮೊದಲು ನೋಡಿದವಳು ನಾನೇ. ಟೋಪಿ ಕೆಳಗೆ ಬಿದ್ದಿರಲಿಲ್ಲ.

ಅವರು ದಿನವೂ ಪುಸ್ತಕ ಬರೆಯುತ್ತಿದ್ದದ್ದು ನಿಮಗೆ ನೆನಪಿರಬಹುದು. ಒಂದೊಂದು ವರ್ಷದ ಕುದುರೆಮರಿಗಳಿಗೆ ಒಂದೊಂದು ಪುಸ್ತಕ, ಒಂದೊಂದು ಮರಿಗೆ ಇಷ್ಟಿಷ್ಟು ಹಾಳೆ. ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಪ್ರತಿ ಮರಿಯ ನಾಲ್ಕೂ ಕಾಲನ್ನು ಮೇಲಿಂದ ಕೆಳಗೆ ಕೈಯ ಹಿಂಬದಿಯಿಂದ ಸವರುವುದು. ಎಲ್ಲಾದರೂ ಬಿಸಿ ತಗುಲಿದರೆ ಒಳಗೆ ಏನೋ ನೋವಿದೆ ಎಂದು ಅರ್ಥ. ತಗುಲದಿದ್ದರೆ 'ನಾಲ್ಕೂ ತಣ್ಣಗಿವೆ' ಎಂದು ಬರೆಯುವುದು. ನೀವಿಬ್ಬರೂ ಅದನ್ನು ಕಲಿತದ್ದು ಒಬ್ಬನೇ ಮುದುಕನ ಹತ್ತಿರ. ಮೂವತ್ತೆಂಟು ಪುಸ್ತಕಗಳಿವೆ. ದಿನಕ್ಕೆ ಕೆಲವು ಹಾಳೆ ಓದುತ್ತೇನೆ. ನಾನು ಹೆಚ್ಚು ಓದಿದವಳಲ್ಲ. ಆದರೆ ಅವರ ಅಕ್ಷರದಲ್ಲಿ ಅವರ ದನಿ ಕೇಳುತ್ತದೆ.

ಹೋದ ಸೆಪ್ಟೆಂಬರ್ ಹರಾಜಿನಲ್ಲಿ ನಮ್ಮ ಪೆಕಾನ್ ಮರಿ ನಿಮ್ಮ ಲಾಯಕ್ಕೆ ಬಂತಲ್ಲ, ಅದು ಹೇಗಿದೆ? ಊಟ ಮಾಡುತ್ತದೆಯೇ? ಬೆಳಗಿನ ಹೊತ್ತು ಅದರ ಮೇಲೆ ಯಾರು ಸವಾರಿ ಮಾಡುತ್ತಾರೆ?

ಸುಮ್ಮನೆ ಕೇಳಿದೆ.

ಆರ್ಡಿತ್ ಹೆನ್ಸ್ಲಿ


ಲೂಯಿವಿಲ್
ಏಪ್ರಿಲ್ 15, 2018

ಆರ್ಡಿತ್,

ಏನಮ್ಮಾ ಇದು, ಶ್ರೀ ಡೆಲ್ಮರ್ ರೋರ್ಕ್? ಲಕೋಟೆ ನೋಡಿ ಯಾವುದೋ ಸರ್ಕಾರಿ ನೋಟಿಸು ಅಂದುಕೊಂಡು ಎರಡು ದಿನ ಒಡೆಯಲೇ ಇಲ್ಲ.

ವರ್ನನ್ ಬಗ್ಗೆ ಏನು ಬರೆಯಲಿ? ನೀನೂ ಅಲ್ಲಿದ್ದೆ ಆ ದಿನ. ಓಟದಂಗಳದ ಕ್ಯಾಂಟೀನಿನಲ್ಲಿ ನಲವತ್ತು ಜನರ ಮುಂದೆ ಅವನು ಎದ್ದು ನಿಂತು, "ನೋಡ್ರಪ್ಪಾ, ಇವನು ಕುಂಟೋ ಕುದುರೆ ಗೆಣ್ಣಿಗೆ ಸೂಜಿ ಚುಚ್ಚಿ ಓಡಿಸ್ತಾನೆ. ಇವನ ಕೈಯಿಂದ ಒಂದು ಲೋಟ ಕಾಫಿನೂ ಇಸ್ಕೋಬೇಡಿ" ಅಂದ. ಅವನು ಅಂದದ್ದು ನಿಜವಾಗಿತ್ತು. ಅದಕ್ಕೇ ಹನ್ನೊಂದು ವರ್ಷ ಮಾತು ಬಿಟ್ಟೆ. ಸುಳ್ಳಾಗಿದ್ದರೆ ವಾರದಲ್ಲಿ ಸರಿಹೋಗುತ್ತಿತ್ತು. ಆಮೇಲೆ ಯಾವ ಕುದುರೆಗೂ ನಾನು ಹಾಗೆ ಮಾಡಲಿಲ್ಲ. ಅದನ್ನು ಅವನಿಗೆ ಹೇಳಲೂ ಇಲ್ಲ.

ಪೆಕಾನ್ ಬಗ್ಗೆ ಕೇಳಿದ್ದೀಯ. ನನ್ನ ಲಾಯದಲ್ಲಿ ಇಂಥ ಎರಡು ವರ್ಷದ ಹೆಣ್ಣು ಕುದುರೆ ಬಂದದ್ದೇ ಇಲ್ಲ. ಬೆಳಿಗ್ಗೆ ಅದನ್ನು ಓಡಿಸುವವಳು ಕೋರಿನ್. ಎರಡು ಮಕ್ಕಳ ತಾಯಿಯಾದ ಮೇಲೂ ನನ್ನ ಮಗಳು ಕುದುರೆ ಹತ್ತುವುದು ಬಿಟ್ಟಿಲ್ಲ. ಮೊನ್ನೆ ಇಳಿದು ಬಂದವಳು, "ಅಪ್ಪಾ, ಇದು ಓಡ್ತಿಲ್ಲ, ನೆಲಾನೇ ಹಿಂದಕ್ಕೆ ತಳ್ತಿದೆ" ಅಂದಳು. ಜೂನ್ ಮೊದಲ ಶನಿವಾರ ಅದರ ಮೊದಲ ಓಟ.

ಒಂದು ಗುಟ್ಟು ಹೇಳುತ್ತೇನೆ. ಹರಾಜಿನ ದಿನ ಎಲ್ಲರೂ ಮರಿಗಳ ಎಕ್ಸ್-ರೇ ನೋಡಲು ಸಾಲು ನಿಂತಿದ್ದರು. ನಾನು ನಿಲ್ಲಲಿಲ್ಲ. ವರ್ನನ್ ಹೆನ್ಸ್ಲಿ ಬೆಳೆಸಿದ ಮರಿಗೆ ಚಿತ್ರ ಯಾಕೆ ಬೇಕು? ಬೇರೆಯವನ ಕೈಯಲ್ಲಿ ಕೊಳ್ಳಿಸಿದೆ, ಅಷ್ಟೇ. ನನ್ನ ಮುಖ ಕಂಡಿದ್ದರೆ ನಿನ್ನ ಗಂಡ ಅದನ್ನು ವಾಪಸ್ ಎಳೆದುಕೊಂಡು ಹೋಗುತ್ತಿದ್ದ.

ನಿನ್ನ ಮನೆಯ ಬೀನ್ಸ್ ಸಾರು, ಜೋಳದ ರೊಟ್ಟಿ ನೆನಪಾಗುತ್ತದೆ. ಕರೆದರೆ ಬರುತ್ತೇನೆ.

ಡೆಲ್ಮರ್


ಬೋರ್ಬನ್ ಕೌಂಟಿ
ಮೇ 1, 2018

ಡೆಲ್ಮರ್,

ಇವತ್ತು ಬೆಳಿಗ್ಗೆ ನಿಮ್ಮ ಲಾಯಕ್ಕೆ ಫೋನ್ ಮಾಡಿದವಳು ನಾನೇ. ಕೋರಿನ್ ಎತ್ತಿದಳು.

"ನಾನು ಆರ್ಡಿತ್ ಕಣಮ್ಮ. ಇವತ್ತು ಪೆಕಾನ್ ಮೇಲೆ ಹತ್ತಬೇಡ."

"ಯಾಕೆ ಆಂಟಿ? ಅಪ್ಪನ್ನ ಕರೀಲಾ?"

"ಬೇಡ. ನಾಳೆ ಕಾಗದ ಬರುತ್ತೆ ಅಂತ ಹೇಳು. ಅಲ್ಲೀತನಕ ಹತ್ತಬೇಡ. ಮಾತು ಕೊಡು."

"ಆಯ್ತು ಆಂಟಿ, ಕೊಟ್ಟೆ. ನೀವು ಅಳ್ತಿದ್ದೀರಾ?"

ನಾನು ಫೋನ್ ಇಟ್ಟೆ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ವರ್ನನ್ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಕೆಳಗೆ ಬರೆದಿದ್ದೇನೆ. ಒಂದು ಅಕ್ಷರವೂ ನನ್ನದಲ್ಲ.

'ಮಾರ್ಚ್ 3, 2017. ಪೆಕಾನ್. ನಾಲ್ಕೂ ತಣ್ಣಗಿವೆ. ಎಕ್ಸ್-ರೇಯಲ್ಲಿ ಬಲ ಮುಂಗಾಲಿನ ಗೆಣ್ಣಿನ ಹಿಂದಿನ ಪುಟ್ಟ ಮೂಳೆಯಲ್ಲಿ ಎರಡು ಕಪ್ಪು ಗೆರೆ. ಹರಾಜಿಗೆ ಆರು ತಿಂಗಳಿದೆ, ಕೊಳ್ಳುವವರು ಚಿತ್ರ ಕೇಳುತ್ತಾರೆ. ಮೂಳೆ ಸೂಜಿ ಕೊಟ್ಟರೆ ಗೆರೆ ಹೋಗುತ್ತದೆ, ಎಲ್ಲರೂ ಕೊಡುತ್ತಾರೆ ಎಂದು ಡಾಕ್ಟರ್ ಅಂದ. ಕೊಡಿಸಿದೆ. ಕಂದು ಗಂಡಿಗೂ, ಕೆಂಚ ಮರಿಗೂ ಕೊಡಿಸಿದೆ.'

'ಆಗಸ್ಟ್ 11. ಪೆಕಾನ್. ಹೊಸ ಚಿತ್ರ. ಗೆರೆ ಇಲ್ಲ. ಮೂಳೆ ಹಾಲಿನಷ್ಟು ಬೆಳ್ಳಗಿದೆ. ಒಳ್ಳೆಯದಾಯಿತು.'

'ಜನವರಿ 30, 2018. ಕಂದು ಗಂಡು ಫ್ಲೋರಿಡಾದಲ್ಲಿ ಬೆಳಗಿನ ಓಟದಲ್ಲಿ ಮುಂಗಾಲು ಮುರಿದುಕೊಂಡಿತು. ಅಲ್ಲೇ ಸಾಯಿಸಿಬಿಟ್ಟರು. ಸವಾರನ ಕೊರಳ ಮೂಳೆ ಮುರಿಯಿತು. ಅದಕ್ಕೂ ಸೂಜಿಗೂ ಸಂಬಂಧವಿಲ್ಲ ಎಂದು ಡಾಕ್ಟರ್ ಅಂದ. ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮರಿಯೊಳಗೆ ಹಾಕಿದೆ.'

'ಫೆಬ್ರವರಿ 2. ಡೆಲ್ಮರ್‌ಗೆ ಹೇಳಬೇಕು.'

'ಫೆಬ್ರವರಿ 9. ಡೆಲ್ಮರ್‌ಗೆ ಹೇಳಬೇಕು.'

'ಫೆಬ್ರವರಿ 18. ಡೆಲ್ಮರ್‌ಗೆ ಹೇಳಬೇಕು.'

ಎರಡು ದಿನಕ್ಕೆ ಹೋದರು.

ಆ ಔಷಧ ನಾಲ್ಕು ವರ್ಷ ತುಂಬಿದ ಕುದುರೆಗಳ ಹಿಮ್ಮಡಿ ನೋವಿಗೆಂದು ಬಂದದ್ದಂತೆ. ಎಳೆಯ ಮರಿಗಳ ಮೇಲೆ ಯಾರೂ ಪರೀಕ್ಷೆ ಮಾಡಿಲ್ಲ. ಇದು ನನಗೂ ಈಗ ತಿಳಿಯಿತು. ಆಗ ವರ್ನನ್ ಕದ್ದು ಕೊಡುತ್ತಿದ್ದೇನೆ ಎಂದುಕೊಂಡಿರಲಿಲ್ಲ. ವಾಸಿ ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ಇದನ್ನು ಅವರ ಪರವಾಗಿ ಹೇಳುತ್ತಿಲ್ಲ. ಇದ್ದದ್ದು ಹೀಗೆ.

ಇನ್ನು ನನ್ನದು. ಈ ಹಾಳೆಗಳನ್ನು ನಾನು ಓದಿದ್ದು ಮಾರ್ಚ್ ಕೊನೆಯಲ್ಲಿ. ನನ್ನ ಮೊದಲ ಕಾಗದ ಬರೆಯಲು ಕೂತದ್ದೇ ಇದನ್ನು ಹೇಳಲು. ಸುಮ್ಮನೆ ಕೇಳಿದೆ ಎಂದು ಬರೆದು ಅಂಟಿಸಿದೆ. ನಿಮ್ಮ ಉತ್ತರ ಬಂದು ಹದಿಮೂರು ದಿನವಾಯಿತು. ಹದಿಮೂರು ಬೆಳಿಗ್ಗೆ ಕೋರಿನ್ ಅದರ ಬೆನ್ನ ಮೇಲಿದ್ದಾಳೆ, ಅದು ನನಗೆ ಗೊತ್ತಿತ್ತು. ನನ್ನ ಹತ್ತಿರ ಉಳಿದಿರುವುದು ವರ್ನನ್ ಹೆಸರೊಂದೇ. ಅದನ್ನು ಹಿಡಿದುಕೊಂಡು ಕೂತಿದ್ದೆ.

ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಆರ್ಡಿತ್


ಲೂಯಿವಿಲ್
ಮೇ 4, 2018

ಶ್ರೀಮತಿ ಹೆನ್ಸ್ಲಿ,

ಕುದುರೆಯನ್ನು ನಿಲ್ಲಿಸಿದ್ದೇನೆ. ಜೂನ್ ಓಟದಿಂದ ಹೆಸರು ತೆಗೆದಿದ್ದೇನೆ.

ಒಬ್ಬ ಮನುಷ್ಯ ನಲವತ್ತು ಜನರ ಮುಂದೆ ನನ್ನ ಕೈ ಹೊಲಸು ಅಂದ. ನಾನು ಆ ಮಾತು ಹೊತ್ತುಕೊಂಡು ಹನ್ನೊಂದು ವರ್ಷ ನನ್ನ ಕೈ ತೊಳೆದೆ. ಅವನು ಬೆಳೆಸಿದ್ದು ಅಂತ ಕಣ್ಣು ಮುಚ್ಚಿ ಕೊಂಡೆ. ಚಿತ್ರಕ್ಕೋಸ್ಕರ ಚುಚ್ಚಿಸಿದನಲ್ಲ, ಆ ಚಿತ್ರವನ್ನು ನಾನು ನೋಡಲೇ ಇಲ್ಲ!

ಸೂಜಿಯನ್ನಾದರೂ ಮರೆತೇನು. ಹದಿಮೂರು ಬೆಳಿಗ್ಗೆಯನ್ನು ಮರೆಯಲಾರೆ. ದಯವಿಟ್ಟು ಇನ್ನು ಬರೆಯಬೇಡಿ.

ಡಿ. ರೋರ್ಕ್


ಲೂಯಿವಿಲ್
ಜುಲೈ 22, 2018

ಆರ್ಡಿತ್,

ಬರೆಯಬೇಡಿ ಅಂದದ್ದು ನಾನು. ನೀನು ನಿಜವಾಗಿಯೂ ಬರೆಯಲಿಲ್ಲ. ಹೇಳಿದ ಮಾತು ಅಷ್ಟು ಚೆನ್ನಾಗಿ ಕೇಳುವ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ.

ಪೆಕಾನನ್ನು ಲೆಕ್ಸಿಂಗ್ಟನ್ನಿನ ಮೂಳೆ ತಜ್ಞೆ ಒಬ್ಬರ ಹತ್ತಿರ ಕರೆದುಕೊಂಡು ಹೋಗಿದ್ದೆ. ತೆಳ್ಳಗಿನ ಹೆಂಗಸು, ಗಾಬರಿಯಿಲ್ಲದ ಮಾತು. ಕೋರಿನ್ನೂ ಜೊತೆಗಿದ್ದಳು. ಆಕೆ ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಹೇಳುತ್ತೇನೆ.

ನಾನು ಇಷ್ಟು ದಿನ ಮೂಳೆ ಅಂದರೆ ಕಲ್ಲು ಅಂದುಕೊಂಡಿದ್ದೆ. ಅಲ್ಲವಂತೆ. ಒಳಗೆ ಎರಡು ಬಗೆಯ ಕೆಲಸದವರು ಹಗಲೂ ರಾತ್ರಿ ಇರುತ್ತಾರಂತೆ. ಒಂದು ತಂಡ ದಣಿದ ಮೂಳೆಯನ್ನು ತಿಂದು ತೆಗೆಯುತ್ತದೆ, ಇನ್ನೊಂದು ಅಲ್ಲಿ ಹೊಸದು ಕಟ್ಟುತ್ತದೆ. ಎಳೆ ಕುದುರೆ ಓಡಿದಾಗಲೆಲ್ಲ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ತಿನ್ನುವವರು ಬಂದು ಆ ಜಾಗ ಖಾಲಿ ಮಾಡಿದರೆ ಮಾತ್ರ ಕಟ್ಟುವವರು ಬರುತ್ತಾರೆ. ಈ ಔಷಧ ತಿನ್ನುವವರನ್ನು ಮಲಗಿಸುತ್ತದೆ. ಅದಕ್ಕೇ ಚಿತ್ರದಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ. ಬೆಳ್ಳಗಿದ್ದರೆ ಗಟ್ಟಿ ಅಂತ ನಾವೆಲ್ಲ ಓದಿಕೊಂಡೆವು. ಜೊತೆಗೆ ಅದು ನೋವನ್ನೂ ಅದುಮುತ್ತದಂತೆ.

"ರಕ್ತ ಪರೀಕ್ಷೆ ಮಾಡಿ ಡಾಕ್ಟ್ರೇ, ಇನ್ನೂ ಇದೆಯಾ ನೋಡೋಣ" ಅಂದೆ.

"ರಕ್ತದಿಂದ ಬೇಗ ಹೋಗ್ಬಿಡುತ್ತೆ. ಮೂಳೇಲಿ ಕೂತಿರುತ್ತೆ."

"ಎಷ್ಟು ದಿನ?"

"ಒಂದು ವರ್ಷ. ಎರಡೂ ಆಗ್ಬಹುದು. ಎಳೆ ಕುದುರೇಲಿ ಸರಿಯಾಗಿ ಅಳೆದವ್ರು ಯಾರೂ ಇಲ್ಲ. ನಂಗೆ ಗೊತ್ತಿಲ್ಲ."

"ಓಡಿಸಿದ್ರೆ ಮುರಿಯುತ್ತೆ ಅಂತೀರಾ?"

"ಹಾಗೂ ಹೇಳಲ್ಲ. ಇದೇ ಸೂಜಿ ಬಿದ್ದು ಚೆನ್ನಾಗಿ ಓಡ್ತಿರೋವೂ ಇರ್ಬಹುದು. ಯಾರೂ ಹೇಳಲ್ವಲ್ಲ ರೋರ್ಕ್ ಅವ್ರೇ, ಲೆಕ್ಕಕ್ಕೆ ಹೇಗೆ ಸಿಗುತ್ತೆ? ನಿಮಗೆ ಹೇಗೆ ಗೊತ್ತಾಯ್ತು?"

ನಿನ್ನ ಕಾಗದ ಕೊಟ್ಟೆ. ಆಕೆ ವರ್ನನ್ ಬರೆದ ಸಾಲುಗಳನ್ನು ನಿಂತುಕೊಂಡೇ ಎರಡು ಸಲ ಓದಿದರು. "ಯಾವ ದಿನ, ಯಾವ ಮರಿ, ಯಾಕೆ ಅಂತ ಬರೆದಿಟ್ಟ ಒಬ್ಬನೇ ಒಬ್ಬನನ್ನ ಇವತ್ತು ನೋಡಿದೆ. ಇವರನ್ನ ಭೇಟಿ ಮಾಡ್ಬೇಕು" ಅಂದರು. ಕೋರಿನ್ ಹೇಳಿದಳು, ಅವರು ಇಲ್ಲ ಅಂತ.

ಬರುವ ದಾರಿಯಲ್ಲಿ ಕೋರಿನ್ ಒಂದು ಮಾತು ಅಂದಳು. "ಹದಿಮೂರು ದಿನ ಹದಿಮೂರು ದಿನ ಅಂತೀಯಲ್ಲಪ್ಪ, ನೀನು ಆ ಹಳೇ ಕುದುರೆ ವಿಷ್ಯ ಯಾರಿಗಾದ್ರೂ ನೀನಾಗೇ ಹೇಳಿದ್ಯಾ? ವರ್ನನ್ ಅಂಕಲ್ ಎದ್ದು ನಿಂತು ಹೇಳ್ಬೇಕಾಯ್ತು." ಇಂಥ ಮಗಳಿದ್ದರೆ ಪಾದ್ರಿ ಬೇಕಿಲ್ಲ.

ಪೆಕಾನ್‌ಗೆ ಒಂದು ವರ್ಷ ಬರೀ ಹುಲ್ಲು, ನಡಿಗೆ ಸಾಕು ಅಂದಿದ್ದಾರೆ ಡಾಕ್ಟರಮ್ಮ. ಇಲ್ಲಿ ನನ್ನ ಹತ್ತಿರ ಹುಲ್ಲುಗಾವಲಿಲ್ಲ. ನಿನ್ನ ಹತ್ತಿರ ಇದೆ.

ಡೆಲ್ಮರ್


ಬೋರ್ಬನ್ ಕೌಂಟಿ
ಸೆಪ್ಟೆಂಬರ್ 23, 2018

ಡೆಲ್ಮರ್,

ಪೆಕಾನ್ ತೊರೆಯ ಪಕ್ಕದ ಹುಲ್ಲುಗಾವಲಿನಲ್ಲಿದೆ. ಬಂದ ದಿನ ಲಾರಿಯಿಂದ ಇಳಿದು ತನ್ನ ಹಳೆಯ ಬಾಗಿಲಿಗೆ ತಾನೇ ನಡೆದು ಹೋಯಿತು. ಮುದಿ ಹೇಸರಗತ್ತೆಯ ಜೊತೆ ಬಿಟ್ಟಿದ್ದೇನೆ. ಅದು ಪೆಕಾನನ್ನು ಓಡಲು ಬಿಡುವುದಿಲ್ಲ, ತಿನ್ನಲೂ ಬಿಡುವುದಿಲ್ಲ, ಥೇಟ್ ವರ್ನನ್ ಅವರ ಅಕ್ಕನ ಹಾಗೆ.

ದಿನಾ ಬೆಳಿಗ್ಗೆ ಅದರ ಕಾಲು ಸವರುತ್ತೇನೆ. ನಾಲ್ಕೂ ತಣ್ಣಗಿರುತ್ತವೆ. ಆದರೆ ಪುಸ್ತಕದಲ್ಲಿ ಬರೆಯಲು ಕೈ ಹೋಗುವುದಿಲ್ಲ. ಸೂಜಿ ನೋವನ್ನು ಅದುಮುತ್ತದೆ ಎಂದ ಮೇಲೆ ಆ ತಂಪಿಗೆ ಏನು ಬೆಲೆ? ವರ್ನನ್ ಅವರ ಕೈ ಐವತ್ತು ವರ್ಷದಲ್ಲಿ ಕಲಿತದ್ದನ್ನು ಆ ಸೂಜಿ ಸುಳ್ಳು ಮಾಡಿತು. ಅವರನ್ನು ಕೊನೆಯ ದಿನಗಳಲ್ಲಿ ತಿಂದದ್ದು ಇದೇ ಇರಬೇಕು. ಆಗ ನಾನು ಬರೀ ಎದೆನೋವು ಎಂದುಕೊಂಡೆ.

ಹೋದ ವಾರ ಇಬ್ಬರು ಬೇಲಿ ರಿಪೇರಿಗೆ ಬಂದಿದ್ದರು. ಕೆಟ್ಟ ಹಲಗೆ ಕಿತ್ತು, ಆ ಜಾಗಕ್ಕೆ ಹೊಸದು ಹೊಡೆದು, ಕಪ್ಪು ಬಣ್ಣ ಬಳಿಯುತ್ತಿದ್ದರು. ನಾನು ಅವರಿಗೆ ನಿಂಬೆ ಷರಬತ್ತು ಕೊಟ್ಟು ನೋಡುತ್ತಾ ನಿಂತಿದ್ದೆ. ಕೀಳುವವನನ್ನು ಮನೆಗೆ ಕಳಿಸಿ ಬರೀ ಬಣ್ಣ ಬಳಿಸಿದ್ದರೆ ರಸ್ತೆಯಿಂದ ನೋಡುವವರಿಗೆ ಬೇಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಮರಿಯೊಂದು ಒರಗುವವರೆಗೆ. ನಿಮ್ಮ ಡಾಕ್ಟರಮ್ಮ ಹೇಳಿದ್ದು ನನಗೆ ಆಗ ಅರ್ಥವಾಯಿತು.

ಸೂಜಿ ಬಿದ್ದ ಉಳಿದೆರಡು ಮರಿಗಳನ್ನು ಕೊಂಡವರಿಗೂ ಬರೆದೆ. ಕಂದು ಗಂಡನ್ನು ಕೊಂಡಿದ್ದವರಿಂದ ವಕೀಲರ ಕಾಗದ ಬಂತು. ಅದಕ್ಕೆ ನಾನು ಇದ್ದದ್ದನ್ನೇ ಉತ್ತರ ಬರೆದೆ. ಕೆಂಚ ಮರಿಯನ್ನು ಕೊಂಡ ಆರ್ಕನ್ಸಾದ ಮನುಷ್ಯ ತಾನೇ ಬಂದ. ಅದಕ್ಕೆ ಜನವರಿಯಲ್ಲಿ ಮುಂಗಾಲಿನ ಮಂಡಿಯ ಕೆಳಗಿನ ಕೊಳವೆ ಮೂಳೆ ನೋವು ಬಂದಿತ್ತಂತೆ. ಎಲ್ಲ ಎಳೆ ಕುದುರೆಗಳಿಗೂ ಬರುವಂಥದೇ, ಆರು ವಾರದಲ್ಲಿ ಹೋಗುವಂಥದೇ. ಎಂಟು ತಿಂಗಳಾದರೂ ಹೋಗಿಲ್ಲ. ಯಾಕೆಂದು ತಿಳಿಯದೆ ಅವನು ತನ್ನ ಲಾಯದ ನೆಲವನ್ನೇ ಅಗೆಸಿ ಹಾಕಿಸಿದ್ದನಂತೆ. ನನ್ನ ಅಡುಗೆಮನೆಯಲ್ಲಿ ಕೂತು ಎರಡು ಲೋಟ ಕಾಫಿ ಕುಡಿದ. "ಹೇಳಿದ್ರಲ್ಲ, ಸಾಕು ತಾಯಿ. ಅದನ್ನ ಮಕ್ಕಳ ಸವಾರಿಗೆ ಇಟ್ಕೋತೀನಿ" ಎಂದ. ಅವನ ಹೆಸರನ್ನು ವರ್ನನ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅಂಥವರ ಹೆಸರು ಎಲ್ಲಾದರೂ ಇರಬೇಕು.

ಈ ವರ್ಷದ ನಾಲ್ಕು ಮರಿಗಳನ್ನು ಹರಾಜಿಗೆ ಒಯ್ದಿದ್ದೆ. ಪ್ರತಿಯೊಂದರ ಬಾಗಿಲಿಗೂ ನನ್ನ ಕೈಯಲ್ಲೇ ಬರೆದ ರಟ್ಟು ಅಂಟಿಸಿದೆ. ಹುಟ್ಟಿದಂದಿನಿಂದ ಈ ಮರಿಯೊಳಗೆ ಏನೇನು ಹೋಗಿದೆ, ಯಾವ ದಿನ ಎಂದು. ಕೊನೆಯ ಸಾಲು, 'ಮೂಳೆ ಸೂಜಿ: ಇಲ್ಲ. ಹೋದ ವರ್ಷ ಮೂರು ಮರಿಗಳಿಗೆ ಕೊಟ್ಟಿದ್ದೆವು. ತಪ್ಪಾಯಿತು.'

ಎದುರು ಸಾಲಿನ ಬಕ್ ಸ್ಟ್ಯಾಂಪರ್ ಗೊತ್ತಲ್ಲ, ಹೊಟ್ಟೆ ಮುಂದೆ, ತಾನು ಹಿಂದೆ. ಅವನು ಬಂದು ಕೈ ಕಟ್ಟಿ ನಿಂತು ಪೂರ್ತಿ ಓದಿದ.

"ಏನಮ್ಮಾ ಆರ್ಡಿತ್, ಕುದುರೆ ಮಾರಕ್ಕೆ ಬಂದ್ಯೋ, ಪಾಪ ಒಪ್ಕೊಳ್ಳಕ್ಕೆ ಬಂದ್ಯೋ?"

"ಎರಡಕ್ಕೂ ಬಕ್. ನೀನೂ ಒಪ್ಕೊಳ್ಳೋದಿದ್ರೆ ಬಾ, ನನ್ನ ಹತ್ರ ಇನ್ನೂ ರಟ್ಟಿದೆ."

"ನಿನ್ನ ಗಂಡ ಇದ್ದಿದ್ರೆ ನಾಚಿಕೆಯಿಂದ ಸಾಯ್ತಿದ್ದ."

"ಅವರು ಸತ್ತಿದ್ದು ಇದನ್ನ ಅಂಟಿಸಕ್ಕಾಗದೆ" ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ. ತನ್ನ ಸಾಲಿಗೆ ಹಿಂತಿರುಗಿದ. ಮಧ್ಯಾಹ್ನ ಅವನ ಹೆಂಡತಿ ಬಂದು ಒಂದು ರಟ್ಟು ಕೇಳಿ ಇಸಕೊಂಡು ಹೋದಳು. ಯಾತಕ್ಕೆಂದು ನಾನು ಕೇಳಲಿಲ್ಲ.

ನಾಲ್ಕರಲ್ಲಿ ಮೂರು ಹೋದವು. ಸಾಕು.

ಇನ್ನೊಂದು ಮಾತು. ವರ್ನನ್ ಅವರನ್ನು ಮಣ್ಣು ಮಾಡಿದ ದಿನ ಸ್ಮಶಾನದ ಹೊರಗೆ ಓಕ್ ಮರದ ಕೆಳಗೆ ಒಂದು ಹಸಿರು ಟ್ರಕ್ ನಿಂತಿತ್ತು. ಕೊನೆಯವರು ಹೋಗುವವರೆಗೂ ನಿಂತಿತ್ತು. ಒಳಗಿದ್ದವರು ಟೋಪಿ ತೆಗೆದಿದ್ದರು. ನಾನು ನೋಡಿದೆ, ಡೆಲ್ಮರ್. ಯಾರಿಗೂ ಹೇಳಿಲ್ಲ.

ಬೀನ್ಸ್ ಸಾರು ಭಾನುವಾರ ಮಾಡುತ್ತೇನೆ.

ಆರ್ಡಿತ್


ಲೂಯಿವಿಲ್
ನವೆಂಬರ್ 19, 2019

ಆರ್ಡಿತ್,

ಇವತ್ತು ಬರೆಯಲು ಕೂತಿರುವುದು ಒಂದು ಕೆಟ್ಟ ಸುದ್ದಿ ಕೊಡಲು. ನೀನು ಅದನ್ನು ಓದಿ ಕುಣಿಯುತ್ತೀಯ ಅಂತ ನನಗೆ ಗೊತ್ತು.

ನಿನ್ನ ಹುಲ್ಲಿನಿಂದ ಪೆಕಾನ್ ವಾಪಸ್ ಬಂದು ಮೂರು ತಿಂಗಳಾಯಿತು. ಡಾಕ್ಟರಮ್ಮ ಹೇಳಿದ ಹಾಗೆಯೇ ನಡೆಸಿದ್ದೇನೆ. ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಈ ತಿಂಗಳಿಂದ ಸ್ವಲ್ಪ ಓಟ. ಪಕ್ಕದ ಲಾಯದವರು ಮೂರು ವರ್ಷದ ಕುದುರೆಯನ್ನು ಗರ್ಭಿಣಿಯ ಹಾಗೆ ನಡೆಸುತ್ತೀಯಲ್ಲೋ ಮುದುಕ ಅಂತ ನಗುತ್ತಾರೆ. ನಗಲಿ. ಇಷ್ಟು ದಿನವೂ ಅದರ ಕಾಲು ತಣ್ಣಗೇ ಇತ್ತು. ನಾನು ಒಂದು ದಿನವೂ ನಂಬಲಿಲ್ಲ.

ನಿನ್ನೆ ಬೆಳಿಗ್ಗೆ ಕೋರಿನ್ ಅದರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಅಪ್ಪಾ, ಬಾ ಇಲ್ಲಿ. ಎಡ ಮುಂಗಾಲು ಬಿಸಿ ಇದೆ."

"ಎಲ್ಲಿ?"

"ಕೊಳವೆ ಮೂಳೆ ಮೇಲೆ. ಕಾಫಿ ಲೋಟದ ಹೊರಗಿರುತ್ತಲ್ಲ, ಅಷ್ಟು."

"ಒತ್ತಿ ನೋಡು."

"ಒತ್ತಿದೆ. ಕಾಲು ಕಿತ್ಕೊಂಡು ನನ್ನ ಭುಜಕ್ಕೆ ಬಾಯಿ ಹಾಕ್ತು."

"ಕಚ್ತಾ?"

"ಅಂಗಿ ಹರೀತು."

"ಒಳ್ಳೇದು!"

"ಏನು ಒಳ್ಳೇದು? ತಲೆ ಕೆಟ್ಟಿದೆಯಾ ನಿಂಗೆ?"

ನಾನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೆ. ಎರಡೂವರೆ ವರ್ಷದ ಮೇಲೆ ಆ ಕಾಲು ನಮ್ಮ ಹತ್ತಿರ ನಿಜ ಹೇಳಿದೆ, ಆರ್ಡಿತ್. ಅದಕ್ಕೆ ನೋವಾಗಿದೆ! ಕೋರಿನ್‌ಗೂ ಅಷ್ಟರಲ್ಲಿ ಹೊಳೆಯಿತು. ಹರಿದ ಅಂಗಿಯಲ್ಲೇ ಕುದುರೆಯ ಕುತ್ತಿಗೆ ತಬ್ಬಿಕೊಂಡಳು. ಅದು ಅವಳ ಇನ್ನೊಂದು ತೋಳಿಗೂ ಬಾಯಿ ಹಾಕಿತು.

ಡಾಕ್ಟರಮ್ಮ ಸಂಜೆಯೇ ಬಂದರು. ಕುಣಿಯಬೇಡಿ ಅಂದರು. "ಇದು ಎಳೆ ಕುದುರೆಗೆ ಬರೋ ಮಾಮೂಲಿ ನೋವು. ಆರು ವಾರ ಓಟ ನಿಲ್ಲಿಸಿ. ಮೂಳೆ ತಾನಾಗೇ ಕಟ್ಕೊಂಡು ತಣ್ಣಗಾದ್ರೆ ಒಳಗೆ ಕೆಲಸ ಮತ್ತೆ ಶುರುವಾಗಿದೆ ಅಂತ ನಂಬಬಹುದು. ಆಗ್ದೇ ಇದ್ರೆ ಇದನ್ನ ಎಂದೂ ಓಡಿಸ್ಬೇಡಿ. ಯಾರನ್ನೂ ಮೇಲೆ ಹತ್ತಿಸ್ಬೇಡಿ."

ಆರ್ಕನ್ಸಾದ ಕೆಂಚ ನೆನಪಾಯಿತು. ನಿನಗೂ ಆಗುತ್ತದೆ ಅಂತ ಗೊತ್ತು.

ಆರು ವಾರ ಅಂದರೆ ಹೊಸ ವರ್ಷ. ನಾಲ್ಕನೇ ತಾರೀಕು ಶನಿವಾರ ಬಾ. ಅಲ್ಲಿಯವರೆಗೆ ಫೋನ್ ಮಾಡಿ ಕೇಳಬೇಡ. ನಾನು ಕೂಡ ದಿನಾ ಮುಟ್ಟಿ ನೋಡುವುದನ್ನು ಕೋರಿನ್‌ಗೆ ಬಿಟ್ಟಿದ್ದೇನೆ. ನನ್ನ ಕೈ ಈಗ ಆಸೆಬುರುಕ ಕೈ. ಅದು ಹೇಳುವುದನ್ನು ನಂಬುವ ಹಾಗಿಲ್ಲ.

ಡೆಲ್ಮರ್


ಬೋರ್ಬನ್ ಕೌಂಟಿ
ಜನವರಿ 5, 2020

ಡೆಲ್ಮರ್,

ನಿನ್ನೆ ನಿಮ್ಮ ಲಾಯದಿಂದ ಅವಸರದಲ್ಲಿ ಹೊರಟುಬಿಟ್ಟೆ. ನೀವು ಕೊಟ್ಟ ಕಾಫಿಯನ್ನೂ ಮರೆತು ಬಂದೆ. ಮನೆಗೆ ಬಂದು ಕೋಟು ಕೂಡ ತೆಗೆಯದೆ ಪುಸ್ತಕ ಹುಡುಕಿದೆ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ಡಾಕ್ಟರಮ್ಮ ಹೊಸ ಚಿತ್ರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನೀವು ಅದನ್ನು ನೋಡಲೇ ಇಲ್ಲ. "ಚಿತ್ರ ಆಮೇಲೆ ಡಾಕ್ಟ್ರೇ. ಮೊದಲು ಇವಳ ಕೈ" ಎಂದಿರಿ. ನಿಮ್ಮ ಮಂಡಿ ಬಗ್ಗುವುದಿಲ್ಲ ಎಂದು ನನಗೆ ಗೊತ್ತಿದೆ. ಆದರೂ ನನ್ನ ಜೊತೆ ಹುಲ್ಲಿನ ಮೇಲೆ ಕೂತಿರಿ. ಆಮೇಲೆ ಕೋರಿನ್ ನಿಮ್ಮನ್ನು ಎರಡೂ ಕೈ ಹಿಡಿದು ಎಬ್ಬಿಸಬೇಕಾಯಿತು. ವರ್ನನ್ ನಿಮ್ಮನ್ನು ಒಂದು ದಿನ ಬೈದರು. ಅದಕ್ಕೂ ಮೊದಲು ಇಪ್ಪತ್ತೈದು ವರ್ಷ ಅವರು ಊಟದ ಮೇಜಿನಲ್ಲಿ ನಿಮ್ಮ ಕೈಯನ್ನು ಹೊಗಳುತ್ತಿದ್ದರು. ಇದನ್ನು ನಾನು ನಿಮಗೆ ಮೊದಲೇ ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಎಲ್ಲವನ್ನೂ ತಡವಾಗಿಯೇ ಹೇಳುತ್ತೇವೆ.

ನಾನು ಎಡ ಮುಂಗಾಲನ್ನು ಕೊನೆಗೆ ಇಟ್ಟುಕೊಂಡೆ. ಬೇಕೆಂದೇ. ಹಿಂದಿನ ಎರಡು, ಆಮೇಲೆ ಬಲ ಮುಂಗಾಲು, ಆಮೇಲೆ ಅದು. ಮಂಡಿಯ ಕೆಳಗಿನಿಂದ ಗೆಣ್ಣಿನವರೆಗೆ ಕೈಯ ಹಿಂಬದಿ ಇಳಿಸಿದೆ. ಕೊಳವೆ ಮೂಳೆಯ ಮೇಲೆ ಒಂದು ಉಬ್ಬು ಸಿಕ್ಕಿತು. ಕಡಲೆಕಾಯಿಯಷ್ಟು, ಗಟ್ಟಿ, ನುಣುಪು. ಹೊಸ ಮೂಳೆ. ಒತ್ತಿದೆ. ಪೆಕಾನ್ ಕತ್ತು ತಿರುಗಿಸಿ ನನ್ನನ್ನು ನೋಡಿ ಮತ್ತೆ ಹುಲ್ಲು ಮೆಲ್ಲಿತು.

"ಏನಂತೆ ಆಂಟಿ?" ಎಂದಳು ಕೋರಿನ್.

ಸರಿಯಿದೆ ಎಂದು ತಲೆ ಆಡಿಸಿದೆ ಅಷ್ಟೇ. ಡಾಕ್ಟರಮ್ಮ ಆಮೇಲೆ ಚಿತ್ರ ತೋರಿಸಿ ಏನೇನೋ ಹೇಳಿದರು. ಎಲ್ಲ ಸರಿ ಎಂದು ಹೇಳಲಾರೆ, ಆದರೆ ಇದು ತಾನಾಗಿ ಕಟ್ಟಿಕೊಂಡ ಮೂಳೆ ಎಂದರು. ಅದು ಅಷ್ಟು ಬೆಳ್ಳಗಿರಲಿಲ್ಲ. ಅಲ್ಲಲ್ಲಿ ಬೂದು, ಅಲ್ಲಲ್ಲಿ ಮಸುಕು. ಕೆಲಸ ನಡೆಯುತ್ತಿರುವ ಜಾಗದ ಹಾಗಿತ್ತು. ನನಗೆ ಅದು ತುಂಬ ಚೆನ್ನಾಗಿ ಕಂಡಿತು.

ಅದು ಗೆಲ್ಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೋರಿನ್ ಹತ್ತಲಿ. ನಾನು ಇನ್ನು ಹತ್ತಬೇಡ ಎಂದು ಫೋನ್ ಮಾಡುವುದಿಲ್ಲ.

ವರ್ನನ್ ಪುಸ್ತಕದಲ್ಲಿ ಮರಿ ಮಾರಿದ ದಿನ ಹಾಳೆಯಲ್ಲಿ ಅಡ್ಡ ಗೆರೆ ಎಳೆದುಬಿಡುತ್ತಿದ್ದರು. ಅಲ್ಲಿಂದ ಮುಂದೆ ಅದು ಕೊಂಡವರ ಪಾಲು. ಪೆಕಾನ್ ಹಾಳೆಯಲ್ಲಿ ಆ ಗೆರೆಯ ಕೆಳಗೂ ಫೆಬ್ರವರಿಯ ಆ ಮೂರು ಸಾಲುಗಳಿವೆ. ಅವುಗಳ ಕೆಳಗೆ ಖಾಲಿ ಇತ್ತು. ಅವರ ಪೆನ್ಸಿಲನ್ನೇ ಚೂಪು ಮಾಡಿಕೊಂಡು ಬರೆದೆ. ನೀವು ನೋಡಲೆಂದು ಇಲ್ಲಿಯೂ ಬರೆಯುತ್ತೇನೆ.

'ಜನವರಿ 4, 2020. ಪೆಕಾನ್. ನಾಲ್ಕೂ ತಣ್ಣಗಿವೆ. ಡೆಲ್ಮರ್‌ಗೆ ಹೇಳಿ ಆಯಿತು.'

ಆರ್ಡಿತ್